ಹಾಡಿನಡಿಯ ಮಾತಿಗೊಂದು ಪ್ರೊಸೆಸರ್

ನಮ್ಮ ಮನೆಯ ಷೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆಗಳ ಪಕ್ಕ ಒಂದು ಕಪ್ಪು ರಟ್ಟಿನ ಡಬ್ಬಿ ಇದೆ. ಮುಚ್ಚಳದ ಮೇಲೆ ಬೆಳ್ಳಿ ಬಣ್ಣದ ಅಕ್ಷರ, ಒಳಗೆ ಮೆತ್ತನೆಯ ಸ್ಪಂಜು. ಮನೆಗೆ ಬಂದವರು ಯಾವುದೋ ಭಾರಿ ವಾಚಿನ ಡಬ್ಬಿ ಅಂದುಕೊಂಡು ನನ್ನ ಮಣಿಕಟ್ಟಿನ ಕಡೆ ನೋಡುತ್ತಾರೆ. ಈಗ ಅದರಲ್ಲಿರುವುದು ನನ್ನ ಹೆಂಡತಿ ಸುಮಿತ್ರಳ ಸೇಫ್ಟಿ ಪಿನ್ನು, ಪ್ರೆಸ್ ಬಟನ್ನು, ರವಿಕೆಯ ಹುಕ್ಕುಗಳು. ಮೊದಲು ಇದ್ದದ್ದು ಒಂದು ಕಂಪ್ಯೂಟರ್ ಪ್ರೊಸೆಸರ್. ಬಿಸ್ಕತ್ತಿನ ಗಾತ್ರದ ಆ ಬಿಲ್ಲೆಯನ್ನು ಆರಿಸಲು ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಪಿನ್ನು ಬೇಕಾದಾಗಲೆಲ್ಲ ಸುಮಿತ್ರ ಆ ಡಬ್ಬಿ ತೆಗೆಯುತ್ತಾಳೆ, ನನಗೆ ಎಲ್ಲ ನೆನಪಾಗುತ್ತದೆ.

ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಎಲೆಕ್ಟ್ರಾನ್ ಎಲ್ಲಿರುತ್ತದೆ ಎಂದು ಖಚಿತವಾಗಿ ಹೇಳಲಾಗದು ಅಂತ ಮಕ್ಕಳಿಗೆ ಖಚಿತವಾಗಿ ಹೇಳಿಕೊಡುತ್ತಿದ್ದೆ. ಆದರೆ ಅಂಗಡಿಯಲ್ಲಿ ಎರಡು ವಸ್ತು ಇಟ್ಟು ‘ಯಾವುದು ಬೇಕು?’ ಎಂದರೆ ನನ್ನ ಕೈಕಾಲು ತಣ್ಣಗಾಗುತ್ತವೆ. ಇದು ಈಗಿನ ಕಾಯಿಲೆಯಲ್ಲ. ಚಿಕ್ಕಂದಿನಲ್ಲಿ ರಾಜಾಜಿನಗರದ ನಮ್ಮ ಬೀದಿಯ ಕೊನೆಗೆ ಶೆಟ್ಟರ ಅಂಗಡಿಯಿತ್ತು. ಸಾಲಾಗಿ ಗಾಜಿನ ಭರಣಿಗಳು. ಕಿತ್ತಳೆ ತೊಳೆಯಂಥ ಪೆಪ್ಪರ್‌ಮಿಂಟು, ಕಮರ್ಕಟ್ಟು, ಜೀರಿಗೆ ಮಿಠಾಯಿ. ಅಮ್ಮ ಕೊಟ್ಟ ಕಾಸನ್ನು ಮುಷ್ಟಿಯಲ್ಲಿ ಬೆವರಿಸಿಕೊಂಡು ನಾನು ಒಂದೊಂದೇ ಭರಣಿಯ ಮುಂದೆ ಸರಿಯುತ್ತಿದ್ದೆ. ಕಮರ್ಕಟ್ಟು ಬಹಳ ಹೊತ್ತು ಬರುತ್ತದೆ, ಆದರೆ ಹಲ್ಲಿಗೆ ಅಂಟುತ್ತದೆ. ಜೀರಿಗೆ ಮಿಠಾಯಿ ಎಣಿಕೆಗೆ ಹೆಚ್ಚು, ಆದರೆ ತಂಗಿ ಪಾಲು ಕೇಳುತ್ತಾಳೆ. ಒಂದು ದಿನ ಶೆಟ್ಟರು ಬಾಗಿಲು ಅರ್ಧ ಎಳೆದು, “ನೀನು ಯೋಚನೆ ಮಾಡ್ತಾ ಇರಪ್ಪ, ನಾನು ಊಟ ಮುಗಿಸ್ಕೊಂಡು ಬರ್ತೀನಿ” ಅಂತ ಒಳಗೆ ಹೋಗೇಬಿಟ್ಟರು. ಅವರು ಕೈ ತೊಳೆದು ಬಂದಾಗಲೂ ನಾನು ಅಲ್ಲೇ ಇದ್ದೆ. ಕೊನೆಗೆ ಅವರೇ ಏನೋ ಒಂದನ್ನು ನನ್ನ ಕೈಗೆ ಹಾಕಿ ಕಳಿಸಿದರು.

ಇಂಥವನಿಗೆ ಮದುವೆ ಹೇಗಾಯಿತು ಎಂದು ನೀವು ಕೇಳಬಹುದು. ಹೆಣ್ಣು ನೋಡಲು ಬಸವೇಶ್ವರನಗರಕ್ಕೆ ಹೋಗಿದ್ದೆವು. ಹುಡುಗಿ ಇನ್ನೂ ಹೊರಗೆ ಬಂದಿರಲಿಲ್ಲ. ನಮ್ಮ ದೊಡ್ಡಪ್ಪ ಸುಮ್ಮನಿರಲಾರದೆ ನನ್ನನ್ನು, “ಉಪ್ಪಿಟ್ಟು ತಗೋತೀಯೋ, ಕೇಸರಿಭಾತ್ ತಗೋತೀಯೋ?” ಎಂದರು. ನಾನು ಎರಡೂ ತಟ್ಟೆ ನೋಡುತ್ತ ಕೂತೆ. ಆಗ ಒಳಗಿನಿಂದ ಒಂದು ದನಿ ಬಂತು. “ಮೊದಲು ಉಪ್ಪಿಟ್ಟು ತಿನ್ನಕ್ಕೆ ಹೇಳಿ, ಆರಿಹೋಗತ್ತೆ!” ಮುಖ ನೋಡುವ ಮೊದಲೇ ನಾನು ಸುಮಿತ್ರಳ ದನಿ ಕೇಳಿದ್ದೆ. ಉಪ್ಪಿಟ್ಟು ತಿಂದೆ. ಅವತ್ತಿನಿಂದ ನನ್ನ ಪಾಲಿನ ಆಯ್ಕೆಗಳೆಲ್ಲ ಆ ದನಿಗೆ ಸೇರಿದವು.

ಬಟ್ಟೆ ಅಂಗಡಿಯಲ್ಲಿ ನಾನು ಹತ್ತು ಷರ್ಟು ಬಿಚ್ಚಿಸಿ ಹುಡುಗರ ಶಾಪ ಹೊತ್ತುಕೊಳ್ಳುವಾಗ ಹಿಂದಿನಿಂದ, “ರೀ, ಆ ನೀಲಿದು ತಗೊಳ್ರಿ, ಸಾಕು” ಎನ್ನುತ್ತಿದ್ದಳು. ಅಲ್ಲಿಗೆ ಮುಗಿಯಿತು. ಪ್ರೆಷರ್ ಕುಕ್ಕರು, ಸ್ಕೂಟರು, ಕೆಂಗೇರಿ ಉಪನಗರದ ಈ ಸೈಟು, ಎಲ್ಲವೂ ಒಂದೊಂದು ‘ರೀ, ಸಾಕು’ವಿನಲ್ಲಿ ತೀರ್ಮಾನವಾದವು. ಸೈಟು ನೋಡಿದಾಗ ನಾನು ಮೂಲೆ ಸೈಟೋ ನಡುವಿನದೋ ಎಂದು ಬಿಸಿಲಲ್ಲಿ ಅಳೆಯುತ್ತಿದ್ದೆ. ಅವಳು ಬೇವಿನ ಮರದ ನೆರಳಲ್ಲಿ ನಿಂತು, “ಇಲ್ಲೇ ನೆರಳಿದೆ, ಇದೇ ಇರ್ಲಿ” ಎಂದಳು. ನಮಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಸದ್ದು ಎಂದರೆ ಅವಳೇ. ಅವಳು ಒಗ್ಗರಣೆ ಹಾಕುತ್ತ ಅಡುಗೆಮನೆಯಿಂದ ‘ರೀ’ ಎಂದರೆ ಗೇಟಿನಲ್ಲಿದ್ದ ನನಗೂ ಕೇಳುತ್ತಿತ್ತು, ಪಕ್ಕದ ಮನೆಯ ಯಜಮಾನರೂ ಒಮ್ಮೊಮ್ಮೆ ‘ಆಂ?’ ಎನ್ನುತ್ತಿದ್ದರು.

ಆ ಗಂಟಲಿನಲ್ಲೇ ಗಂಟಾಯಿತು. ದನಿ ಒಡೆದಾಗ ಶೀತ ಅಂದುಕೊಂಡೆವು, ಮೆಣಸಿನ ಕಷಾಯ ಮಾಡಿದೆವು, ಜ್ಯೇಷ್ಠಮಧು ಜಗಿದೆವು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಡಾಕ್ಟರು, “ಜೀವ ಉಳಿಸ್ಬೇಕಂದ್ರೆ ಧ್ವನಿಪೆಟ್ಟಿಗೆ ತೆಗೀಲೇಬೇಕು” ಎಂದರು. ನನ್ನ ಜೀವನದಲ್ಲಿ ನಾನು ತಕ್ಷಣ ಆರಿಸಿದ್ದು ಅದೊಂದನ್ನೇ. ಸಹಿ ಹಾಕಿದೆ. ಈಗ ಸುಮಿತ್ರ ಕತ್ತಿನ ಬುಡದ ಸಣ್ಣ ತೂತಿನಿಂದ ಉಸಿರಾಡುತ್ತಾಳೆ, ಅದರ ಮೇಲೊಂದು ತೆಳು ಬಟ್ಟೆ ಕಟ್ಟಿಕೊಳ್ಳುತ್ತಾಳೆ. ಮಾತಿಲ್ಲ. ಗಂಟಲಿಗೆ ಒತ್ತಿ ಹಿಡಿದರೆ ಮಾತಾಡಿಸುವ ಟಾರ್ಚಿನಂಥ ಒಂದು ಯಂತ್ರ ಕೊಟ್ಟರು. ಒಂದು ಸಲ ಒತ್ತಿದಳು, ಬೆಚ್ಚಿ ಕೆಳಗಿಟ್ಟಳು. ಆಮೇಲೆ ಫೋನಿನಲ್ಲಿ ಬರೆದಳು: “ಇದು ಮಿಕ್ಸಿ ಮಾತಾಡಿದ ಹಾಗಿದೆ. ಬೇಡ.”

ಈಗ ಅವಳು ಅಡುಗೆಮನೆಯಿಂದ ನಡುಮನೆಯಲ್ಲಿರುವ ನನಗೆ ವಾಟ್ಸಾಪ್ ಮಾಡುತ್ತಾಳೆ. ಮೊಬೈಲು ‘ಟಿಂಗ್’ ಎನ್ನುತ್ತದೆ. ತೆರೆದರೆ “ರೀ”. ಅಷ್ಟೇ. ನಾನು ಎದ್ದು ಹೋಗುತ್ತೇನೆ. ತಡವಾದರೆ ಸಟ್ಟುಗದಿಂದ ಬಾಂಡಲಿ ಬಡಿಯುತ್ತಾಳೆ. ಬೈಗುಳ ಮೊದಲಿಗಿಂತ ಹೆಚ್ಚೇ ಆಗಿದೆ, ಬರೆದು ಬೈದದ್ದು ಉಳಿದುಬಿಡುತ್ತದೆ ಎಂಬುದೊಂದೇ ವ್ಯತ್ಯಾಸ. ನೋಡಿದವರು ‘ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದಾರೆ’ ಎನ್ನುತ್ತಾರೆ. ಹೊಂದಿಕೊಂಡದ್ದು ಅವಳು. ನಾನಲ್ಲ.

ಒಂದು ಸಂಜೆ ಕೆಂಗೇರಿ ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿಯುತ್ತಿದ್ದೆ. ಹಿಂದಿನಿಂದ ಯಾರೋ ಹೆಂಗಸು ತನ್ನ ಗಂಡನನ್ನು “ರೀ!” ಎಂದು ಕರೆದಳು. ನಾನು ಗಕ್ಕನೆ ತಿರುಗಿದೆ. ತಿರುಗಿದ್ದಕ್ಕೆ ನಾಚಿಕೆಯಾಗಿ ಸುಮಿತ್ರಳ ‘ರೀ’ಯನ್ನು ಮನಸ್ಸಿನಲ್ಲಿ ಕೇಳಿಸಿಕೊಳ್ಳಲು ನೋಡಿದೆ. ಬರಲಿಲ್ಲ. ಬಂದದ್ದು ಆ ಹೆಂಗಸಿನದೇ. ಎಷ್ಟೋ ದಿನ ಅದೇ ಕಿವಿಯಲ್ಲಿ ಕೂತಿತ್ತು. ‘ಮೊದಲು ಉಪ್ಪಿಟ್ಟು ತಿನ್ನಕ್ಕೆ ಹೇಳಿ’ ಎಂಬ ಮಾತು ಅಕ್ಷರ ಬಿಡದೆ ನೆನಪಿದೆ, ದನಿ ಮಾತ್ರ ಇಲ್ಲ. ನನ್ನ ಹೆಂಡತಿಯ ದನಿ ನನಗೆ ಮರೆತುಹೋಗುತ್ತಿದೆ ಎಂದು ಆ ಮೆಟ್ಟಿಲ ಮೇಲೆ ಗೊತ್ತಾಯಿತು. ಅವಳಿಗೆ ಹೇಳುವ ವಿಷಯವೇ ಇದು?

ಹೇಳಿದ್ದು ಭಾವಮೈದ ಗಿರೀಶನಿಗೆ. ಅವನು ಸುಮಿತ್ರಳ ತಮ್ಮ, ವಿಜಯನಗರದಲ್ಲಿ ಸೀರಿಯಲ್ಲುಗಳಿಗೆ ಡಬ್ಬಿಂಗ್ ಮಾಡುವ ಸ್ಟುಡಿಯೊ ಒಂದರಲ್ಲಿ ಸೌಂಡ್ ಎಂಜಿನಿಯರ್. “ಭಾವ, ಅಕ್ಕನ ಮಾತು ಒಂದಷ್ಟು ನಿಮಿಷ ಕ್ಲೀನಾಗಿ ಸಿಕ್ರೆ ಸಾಕು. ಅವಳು ಟೈಪ್ ಮಾಡಿದ್ದನ್ನ ಕಂಪ್ಯೂಟರು ಅವಳ ದನೀಲೇ ಹೇಳತ್ತೆ, ಈಗ ಅದೆಲ್ಲ ಬಂದಿದೆ” ಎಂದ. ನನಗೆ ಕಣ್ಣಿಗೆ ಕತ್ತಲೆ ಬರುವಷ್ಟು ಸಂತೋಷವಾಯಿತು. ನನ್ನ ಮರೆವಿನ ಮಾತು ಮುಚ್ಚಿಟ್ಟು ಸುಮಿತ್ರಳಿಗೆ ಈ ಉಪಾಯವನ್ನಷ್ಟೇ ಹೇಳಿ, ಅವಳ ದನಿ ಎಲ್ಲಿದೆ ಎಂದು ಹುಡುಕಲು ಹೊರಟೆವು.

ಹುಡುಕಿದರೆ ಎಲ್ಲೂ ಇಲ್ಲ! ನಮ್ಮ ಫೋನುಗಳಲ್ಲಿ ಅವಳು ತೆಗೆದ ವಿಡಿಯೊಗಳಿದ್ದವು, ಅವಳಿರುವ ವಿಡಿಯೊ ಇರಲಿಲ್ಲ. ಫೋನು ಎತ್ತಿದರೆ ಸೆರಗು ಬಾಯಿಗೆ ಅಡ್ಡ ಹಿಡಿದು ಕೈಯಾಡಿಸುತ್ತಿದ್ದಳು. ವಾಯ್ಸ್ ಮೆಸೇಜು ಅವಳಿಗೆ ಆಗದು, ‘ಗೋಡೆ ಜೊತೆ ಮಾತಾಡಿದ ಹಾಗಾಗತ್ತೆ’ ಎನ್ನುತ್ತಿದ್ದಳು. ಯಾರದೋ ಹುಟ್ಟುಹಬ್ಬದಲ್ಲಿ ಇಪ್ಪತ್ತು ಜನ ಕಿರುಚುವುದರ ನಡುವೆ ಅವಳೂ ಕಿರುಚಿದ್ದಳಂತೆ. ಗಿರೀಶ ಕೇಳಿ ತಲೆಯಾಡಿಸಿದ. ಉಳಿದದ್ದು ಒಂದೇ, ನಮ್ಮ ಗೃಹಪ್ರವೇಶದ ವಿಡಿಯೊ. ಅವತ್ತು ಸುಮಿತ್ರಳಿಗೆ ಕ್ಯಾಮೆರಾ ಇದೆ ಎಂಬ ಪರಿವೆಯೇ ಇರಲಿಲ್ಲ. ಪುರೋಹಿತರನ್ನೂ, ಅಡುಗೆಯವರನ್ನೂ, ಹಸುವನ್ನೂ, ನನ್ನನ್ನೂ ಒಟ್ಟಿಗೆ ಆಳುತ್ತಿದ್ದಳು. ಇಡೀ ವಿಡಿಯೊದಲ್ಲಿ ಅವಳ ಬಾಯಿ ಮುಚ್ಚಿದ್ದೇ ಇಲ್ಲ.

ಆದರೆ ನಮ್ಮ ಕಡೆಯ ಮದುವೆ, ಮುಂಜಿ, ಗೃಹಪ್ರವೇಶಗಳ ವಿಡಿಯೊ ನಿಮಗೆ ಗೊತ್ತಲ್ಲ. ಯಾರ ಮಾತೂ ಕೇಳುವುದಿಲ್ಲ. ಮೊದಲು ಗುಲಾಬಿ ಹೂವು ಅರಳುತ್ತದೆ, ಒಳಗಿಂದ ಗಂಡಿನ ಮುಖ ಬರುತ್ತದೆ, ಸಿನಿಮಾ ಹಾಡು ಶುರುವಾಗುತ್ತದೆ. ಅಲ್ಲಿಂದ ಕೊನೆಯವರೆಗೆ ಹಾಡೇ ಹಾಡು. ಬೀಗರು ಊಟದ ಪಂಕ್ತಿಯಲ್ಲಿ ಕೈ ಕೈ ಮಿಲಾಯಿಸುತ್ತಿದ್ದರೂ ಹಿಂದೆ ಕೊಳಲು ನುಡಿಯುತ್ತಿರುತ್ತದೆ. ಪುರೋಹಿತರ ಬಾಯಲ್ಲಿ ನಾಯಕಿ ಹಾಡುತ್ತಾಳೆ. ಮಾತೆಲ್ಲ ಬರೀ ಗಲಾಟೆ, ಹಾಡಿದ್ದರೇ ಲಕ್ಷಣ ಎಂಬುದು ಎಲ್ಲರ ತೀರ್ಮಾನವಾಗಿತ್ತು. ಹಾಡಿಲ್ಲದ ವಿಡಿಯೊ ಕೊಟ್ಟಿದ್ದರೆ ನಾವೇ ಜಗಳಕ್ಕೆ ಹೋಗುತ್ತಿದ್ದೆವು. ನಮ್ಮ ಗೃಹಪ್ರವೇಶಕ್ಕೂ ವಿಡಿಯೊದವನು ಹೊಸಿಲಿನಿಂದ ತಾಂಬೂಲದವರೆಗೆ ಹಾಡು ಹೊದಿಸಿದ್ದ.

ಆ ವಿಡಿಯೊದವನ ಅಂಗಡಿ ಹುಡುಕಿಕೊಂಡು ವಿಜಯನಗರಕ್ಕೆ ಹೋದರೆ ಅಲ್ಲಿ ಮೊಬೈಲ್ ಕವರ್ ಮಾರುತ್ತಿದ್ದರು. ಮೂಲ ಕ್ಯಾಸೆಟ್ಟು ಉಳಿದಿರುವ ಮಾತೇ ಇಲ್ಲ, ಅದರ ಮೇಲೆಯೇ ಮುಂದಿನ ಮದುವೆ ತೆಗೆದಿರುತ್ತಾರೆ ಎಂದ ಗಿರೀಶ. ಆದರೂ ಒಂದು ದಾರಿಯಿತ್ತು. “ಕೆಲವ್ರು ಮಾತಿನ ಮೇಲೆ ಹಾಡು ಹಾಕ್ತಿದ್ರು ಭಾವ, ಕೆಲವ್ರು ಮಾತನ್ನೇ ಕಿತ್ತು ಹಾಡು ಹಾಕ್ತಿದ್ರು. ಮೇಲೆ ಹಾಕಿದ್ರೆ ಈಗ ಬಿಡಿಸ್ಬಹುದು. ಸಾಫ್ಟ್‌ವೇರು ಹಾಡನ್ನ ಬೇರೆ, ಮಾತನ್ನ ಬೇರೆ ಮಾಡತ್ತೆ.” ಹಾಡಿನ ಕೆಳಗೆ ಗುಜುಗುಜು ಎಂದು ಏನೋ ಕೇಳುತ್ತದೆ ಎಂದು ನಾನು ಆಣೆ ಮಾಡಿ ಹೇಳಿದೆ. ನನಗೆ ಕೇಳುತ್ತಿತ್ತು. ಸ್ಟುಡಿಯೊದ ಮಶೀನುಗಳಿಗೆ ಬಿಡುವಿಲ್ಲ. ಇಂಟರ್‌ನೆಟ್ಟಿನಲ್ಲಿ ಕಳಿಸಿ ಮಾಡಿಸೋಣವೆಂದರೆ ಸುಮಿತ್ರ ಫೋನೆತ್ತಿ ಬರೆದಳು: “ನನ್ನ ದನೀನ ಊರೂರಿಗೆ ಕಳಿಸಬೇಡಿ. ಇದ್ದರೆ ಮನೇಲಿರಲಿ.” ಹಾಗಾಗಿ ಮನೆಗೇ ಒಂದು ಗಟ್ಟಿ ಕಂಪ್ಯೂಟರ್ ಜೋಡಿಸುವುದೆಂದಾಯಿತು. ಉಳಿದ ಭಾಗಗಳನ್ನೆಲ್ಲ ಗಿರೀಶ ಹೊಂದಿಸುತ್ತಾನೆ. ಪ್ರೊಸೆಸರ್ ಒಂದನ್ನು ನಾನು ಆರಿಸಬೇಕು.

“ಯಾವುದಪ್ಪ ತಗೊಳ್ಳೋದು?” ಎಂದೆ.

“ಮೇಲಿನ ದರ್ಜೇದು ಯಾವುದಾದ್ರೂ ನಡೆಯತ್ತೆ ಭಾವ, ನೀವೇ ನೋಡಿ.”

ಯಾವುದಾದರೂ ನಡೆಯುತ್ತದೆ! ನನ್ನಂಥವನಿಗೆ ಇದಕ್ಕಿಂತ ಘೋರವಾದ ಮಾತು ಇನ್ನೊಂದಿಲ್ಲ.

ಪ್ರೊಸೆಸರುಗಳಲ್ಲಿ ಮುಖ್ಯವಾಗಿ ಎರಡು ಮನೆತನ. ಒಂದರ ಡಬ್ಬಿ ನೀಲಿ, ಇನ್ನೊಂದರದು ಕೆಂಪು ಎಂದು ಇಟ್ಟುಕೊಳ್ಳಿ. ಒಂದನ್ನು ಕೂರಿಸುವ ಬೋರ್ಡು ಇನ್ನೊಂದಕ್ಕೆ ಹೊಂದದು. ಒಳಗೆ ಕೋರ್ ಎಂಬವು ಇರುತ್ತವೆ. ಮದುವೆ ಮನೆಯ ಅಡುಗೆಯವರ ಹಾಗೆ, ಹೆಚ್ಚಿದ್ದಷ್ಟೂ ಕೆಲಸ ಬೇಗ. ಅದರಲ್ಲೂ ನೀಲಿಯವರಲ್ಲಿ ದೊಡ್ಡ ಭಟ್ಟರು ಕೆಲವರು, ತರಕಾರಿ ಹೆಚ್ಚುವವರು ಕೆಲವರು. ಕೆಂಪಿನವರಲ್ಲಿ ಎಲ್ಲರೂ ಭಟ್ಟರೇ, ಸಾಲದ್ದಕ್ಕೆ ಸಾಮಾನು ಕೈಗೆಟುಕುವಂತೆ ಇಟ್ಟುಕೊಳ್ಳುವ ಕಟ್ಟೆ ದೊಡ್ಡದು, ಅದಕ್ಕೆ ಕ್ಯಾಶ್ ಎಂದು ಹೆಸರು, ದುಡ್ಡಿನ ಕ್ಯಾಶಲ್ಲ. ಹೆಸರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಬಿದ್ದರೆ ಜಾತಿಯೇ ಬದಲು. ಇಷ್ಟು ತಿಳಿಯುವ ಹೊತ್ತಿಗೆ ನನಗೆ ತಲೆ ಕೆಟ್ಟು ಗೊಬ್ಬರವಾಗಿತ್ತು.

ಯೂಟ್ಯೂಬಿನಲ್ಲಿ ಒಬ್ಬ ನೀಲಿಯೇ ಸರಿ ಎಂದ. ಇನ್ನೊಬ್ಬ ನೀಲಿ ಕೆಂಡದಂತೆ ಕಾಯುತ್ತದೆ, ಕೆಂಪೇ ಸರಿ ಎಂದ. ಮೂರನೆಯವನು, ಸ್ವಲ್ಪ ಕಾಯಿರಿ, ಹೊಸದು ಬರುತ್ತಿದೆ ಎಂದ. ನನಗೆ ಮೂರನೆಯವನು ಬಹಳ ಹಿಡಿಸಿದ. ಕಾದೆ. ಹೊಸದು ಬಂತು. ಬಂದ ಮರುದಿನವೇ ಅವನು ಅದರ ಮುಂದಿನದರ ಮಾತೆತ್ತಿದ. ಅಷ್ಟರಲ್ಲಿ ಆಷಾಢ ಬಂತು; ಆಷಾಢದಲ್ಲಿ ಹೊಸದು ತರಬಾರದು ಎಂದೆ. ಸುಮಿತ್ರ ನನ್ನನ್ನೇ ದಿಟ್ಟಿಸಿ ನೋಡಿದಳು. ಅಮ್ಮ ಬದುಕಿದ್ದಾಗ ಆಷಾಢ ಗೀಷಾಢ ಎಂದು ಹೀಯಾಳಿಸುತ್ತಿದ್ದವನು ನಾನೇ. ಆಮೇಲೆ ಪಿತೃಪಕ್ಷವೂ ಬಂತು ಅನ್ನಿ.

ಈಗ ಅನ್ನಿಸುತ್ತದೆ, ನನ್ನನ್ನು ತಡೆದದ್ದು ನೀಲಿಯೂ ಅಲ್ಲ, ಕೆಂಪೂ ಅಲ್ಲ. ಪ್ರೊಸೆಸರ್ ತರುವ ತನಕ ಹಾಡಿನ ಕೆಳಗೆ ಅವಳ ಮಾತು ಇತ್ತು. ತಂದ ಮೇಲೆ ಇರುತ್ತದೋ ಇಲ್ಲವೋ. ಆ ಹೆದರಿಕೆಗೆ ನಾನು ಕೋರು, ಕ್ಯಾಶು ಎಂದು ಹೆಸರಿಟ್ಟು ಕೂತಿದ್ದೆ.

ಕೊನೆಗೊಂದು ಬೆಳಿಗ್ಗೆ ಸುಮಿತ್ರ ಸೀರೆಯುಟ್ಟು, ಕತ್ತಿನ ಬಟ್ಟೆ ಬದಲಿಸಿ, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು. ಮೊಬೈಲು ಟಿಂಗ್ ಎಂದಿತು. “ರೀ, ನಡೀರಿ.” ಇಬ್ಬರೂ ಮೆಟ್ರೋ ಹತ್ತಿ ವಿಜಯನಗರದಲ್ಲಿ ಇಳಿದೆವು. ಕಂಪ್ಯೂಟರ್ ಅಂಗಡಿಯಾತ ಹುಬ್ಬಳ್ಳಿ ಕಡೆಯವನು, ಮಾತಿಗೆ ಮೊದಲು ನಗುವ ಮನುಷ್ಯ.

“ಎದಕ್ ಬೇಕ್ರಿ ಸರ? ಗೇಮಿಂಗೋ, ಎಡಿಟಿಂಗೋ?”

ನನಗೆ ಹೇಗೆ ಹೇಳಬೇಕೋ ತೋಚಲಿಲ್ಲ. “ಮನೆಯವರಿಗೆ” ಎಂದೆ.

“ಮೇಡಮ್ಮೋರು ಗೇಮ್ ಆಡ್ತಾರೇನ್ರಿ!” ಎಂದು ಅವನು ಸುಮಿತ್ರಳ ಕಡೆ ಗೌರವದಿಂದ ನೋಡಿದ. ಅವಳು ಹೌದೆಂದು ತಲೆಯಾಡಿಸಿದಳು. ಅವಳ ಭುಜ ಕುಲುಕುವುದು ನೋಡಿ ನಗುತ್ತಿದ್ದಾಳೆಂದು ತಿಳಿಯಿತು. ನಗುವಿಗೂ ಈಗ ಸದ್ದಿಲ್ಲ.

ಅವನು ಗಾಜಿನ ಮೇಲೆ ನೀಲಿಯದೊಂದು, ಕೆಂಪಿನದೊಂದು ಇಟ್ಟ. ಕೆಂಪು ಮನೆತನದ ಈ ದುಬಾರಿ ಮಾದರಿಗೆ ಡಬ್ಬಿ ಮಾತ್ರ ಕಪ್ಪು. ನಾನು ಶುರು ಮಾಡಿದೆ. ಇದಕ್ಕೆ ಕೋರ್ ಎಷ್ಟು, ಅದಕ್ಕೆ ಕರೆಂಟು ಎಷ್ಟು, ಬೇಸಿಗೆಯಲ್ಲಿ ಇದು ಕಾಯುತ್ತದೆಯೇ, ಮುಂದಿನದು ಬಂದರೆ ಈ ಬೋರ್ಡಿಗೇ ಕೂರುತ್ತದೆಯೇ. ಅಂಗಡಿಯವನ ನಗು ಸಣ್ಣಗಾಗುತ್ತ ಬಂತು. ನನ್ನ ಬೆನ್ನು ಏನನ್ನೋ ಕಾಯುತ್ತಿತ್ತು. ಈಗ ಬರಬೇಕಿತ್ತು, ಹಿಂದಿನಿಂದ, ಆ ‘ರೀ, ಸಾಕು’. ಎಷ್ಟು ವರ್ಷ ಎಷ್ಟು ಅಂಗಡಿಗಳಲ್ಲಿ ಬಂದಿತ್ತು. ಬರಲಿಲ್ಲ. ಕಣ್ಣಲ್ಲಿ ನೀರು ತುಂಬಿ ಎರಡೂ ಡಬ್ಬಿ ಒಂದೇ ಬಣ್ಣವಾದವು. ಆಗ ಸುಮಿತ್ರ ಮುಂದೆ ಬಂದು ಕಪ್ಪು ಡಬ್ಬಿಯ ಮೇಲೆ ಬೆರಳಿಂದ ಟಕಟಕ ಬಡಿದಳು. ಯಾಕೆ ಅದೇ ಎಂದು ಆಮೇಲೆ ಕೇಳಿದ್ದಕ್ಕೆ ಬರೆದಳು: “ಡಬ್ಬಿ ಗಟ್ಟಿ ಇದೆ. ಪಿನ್ನು ಹಾಕಿಡಕ್ಕೆ ಆಗತ್ತೆ.”

ಭಾನುವಾರ ಬೆಳಿಗ್ಗೆ ಗಿರೀಶ ಬಂದು ನಡುಮನೆಯಲ್ಲಿ ಎಲ್ಲ ಭಾಗ ಹರಡಿಕೊಂಡ. ಪ್ರೊಸೆಸರನ್ನು ಡಬ್ಬಿಯಿಂದ ತೆಗೆದಿಟ್ಟು ಸ್ಕ್ರೂಡ್ರೈವರ್ ಹುಡುಕುವಷ್ಟರಲ್ಲಿ ಸುಮಿತ್ರ ದೇವರಮನೆಯಿಂದ ಅರಿಶಿನ ಕುಂಕುಮದ ಬಟ್ಟಲು ತಂದು, ಆ ಲೋಹದ ಹಣೆಗೆ ನೀಟಾಗಿ ಒಂದು ಬೊಟ್ಟು ಇಟ್ಟೇಬಿಟ್ಟಳು.

“ಅಯ್ಯೋ ಅಕ್ಕಾ! ಅಕ್ಕಾ, ಬೇಡ ಕಣೇ!” ಎಂದು ಗಿರೀಶ ಹೌಹಾರಿದ. “ಅದರ ಮೇಲೆ ಕಾವು ಇಳಿಸೋ ಪೇಸ್ಟ್ ಹಚ್ಚಬೇಕು!”

ಫ್ರಿಜ್ಜಿಗೆ ಇಟ್ಟಿಲ್ಲವೇ, ಸ್ಕೂಟರಿಗೆ ಇಟ್ಟಿಲ್ಲವೇ ಎಂಬಂತೆ ಅವಳು ಗುರಾಯಿಸಿದಳು. ಅವನು ಉಸಿರು ಬಿಗಿಹಿಡಿದು ಬಟ್ಟೆಯಿಂದ ಒರೆಸಿದ. ಪೂರ್ತಿ ಹೋಗಲಿಲ್ಲ, ಅಂಚಿನಲ್ಲಿ ಒಂದಿಷ್ಟು ಕೆಂಪು ಉಳಿಯಿತು. ಮಶೀನು ಮಾತ್ರ ಒಂದೇ ಸಲಕ್ಕೆ ಚಾಲೂ ಆಯಿತು. ನಾವು ಮೂವರೂ ಚಪ್ಪಾಳೆ ತಟ್ಟಿದೆವು.

ಗೃಹಪ್ರವೇಶದ ವಿಡಿಯೊವನ್ನು ಸಾಫ್ಟ್‌ವೇರಿಗೆ ಕೊಟ್ಟ ಗಿರೀಶ. ಹಳೆಯ ಲ್ಯಾಪ್‌ಟಾಪಿನಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸವಂತೆ; ನಾವು ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮುಗಿಯಿತು. ಅಷ್ಟು ಬೇಗ ಆಗಬಾರದಿತ್ತು. ಅವನು ಮೊದಲು ಹಾಡಿನ ಪಾಲು ಕೇಳಿಸಿದ, ಸ್ವಚ್ಛವಾಗಿತ್ತು. ಆಮೇಲೆ ಮಾತಿನ ಪಾಲು ಹಾಕಿದ. ಹಾಡಿದವರ ದನಿ ಬಂತು, ಅದರ ಹಿಂದೆ ಗುಜುಗುಜು. “ಅದೇ, ಅದೇ ಅವಳದು!” ಎಂದು ನಾನು ಕುರ್ಚಿಯಿಂದ ಎದ್ದೆ. ಗಿರೀಶ ಮುಖ ಎತ್ತಲಿಲ್ಲ. “ಅದು ಕೋರಸ್ಸು ಭಾವ, ಹಾಡಿನದೇ” ಎಂದ. ಕೋರಸ್ಸನ್ನೂ ಬಿಡಿಸಿದ. ಕೆಳಗೆ ಏನೂ ಇರಲಿಲ್ಲ. ವಿಡಿಯೊದವನು ಮಾತನ್ನು ಕಿತ್ತೇ ಹಾಡು ಹಾಕಿದ್ದ. ಪರದೆಯ ಮೇಲೆ ಸುಮಿತ್ರಳ ಬಾಯಿ ಆಡುತ್ತಲೇ ಇತ್ತು. ಮೇಲಿನ ದರ್ಜೆಯ ನನ್ನ ಪ್ರೊಸೆಸರು ಫ್ಯಾನು ತಿರುಗಿಸುವ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ನಾನು ಕೈಚೆಲ್ಲಿ ಕೂತೆ. ಗಿರೀಶ, “ಸಾರಿ ಅಕ್ಕ” ಎಂದ. ಸುಮಿತ್ರ ಇಬ್ಬರನ್ನೂ ನೋಡಿದಳು, ಪರದೆ ನೋಡಿದಳು. ಹೊಸ ಮನೆಯ ಒಲೆಯ ಮುಂದೆ ಆ ಸುಮಿತ್ರ ನನ್ನ ಕಡೆ ಬೆರಳಾಡಿಸುತ್ತ ಏನೋ ಗದರುತ್ತಿದ್ದಳು. ಈ ಸುಮಿತ್ರ ವಿಡಿಯೊ ಹಿಂದಕ್ಕೆ ಓಡಿಸಲು ಸನ್ನೆ ಮಾಡಿ, ತನ್ನ ತುಟಿಗಳನ್ನು ತಾನೇ ಓದಿ, ಫೋನಿನಲ್ಲಿ ಬರೆದು ನನ್ನ ಕೈಗೆ ಕೊಟ್ಟಳು. ನಾನು ಜೋರಾಗಿ ಓದಿದೆ.

“ರೀ, ಒಲೆ ದೊಡ್ಡದು ಮಾಡ್ಬೇಡಿ! ಹಾಲು ತಾನಾಗೇ ಉಕ್ಲಿ!”

ತುಟಿಗೆ ಸರಿಯಾಗಿ ಹೊಂದಿತು. ಗಿರೀಶ ನಕ್ಕುಬಿಟ್ಟ. ಅವಳು ಇನ್ನೊಂದು ಬರೆದಳು. ಪರದೆಯ ಮೇಲೆ ಹಸು ನಡುಮನೆಯೊಳಗೆ ಬರುತ್ತಿತ್ತು. “ರೀ, ಪಂಚೆ ಎತ್ತಿ ಕಟ್ಕೊಳ್ಳಿ, ಸಗಣಿ ಮೆಟ್ತೀರ!” ಅವಳಿಗೆ ಅಂದಿನ ಒಂದೊಂದು ಮಾತೂ ನೆನಪಿತ್ತು. ಪಾಠ ಮಾಡಿ ಒರಟಾದ ನನ್ನ ಗಂಟಲಿನಲ್ಲಿ ನನ್ನ ಹೆಂಡತಿ ನನ್ನನ್ನೇ ಬೈಯುತ್ತಾ ಹೋದಳು. ಸುಮಿತ್ರಳ ಭುಜ ಕುಲುಕಿ ಕುಲುಕಿ ಕಣ್ಣಲ್ಲಿ ನೀರು ಬಂತು. ಆಪರೇಷನ್ ಆದಮೇಲೆ ಅವಳು ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಮುಂದಿನ ವಾರವೂ ಹಾಕೋಣ ಎಂದು ಬರೆದಳು.

ಅಂದಿನಿಂದ ನನಗೊಂದು ಸಂಕಟ ಶುರುವಾಗಿದೆ. ಅವಳ ‘ರೀ’ ನೆನಪಿಸಿಕೊಳ್ಳಲು ಕಣ್ಣು ಮುಚ್ಚುತ್ತೇನೆ. ಮೊದಲಾದರೆ ಏನೂ ಕೇಳದಿದ್ದರೂ ಆ ಜಾಗ ಖಾಲಿಯಾದರೂ ಇರುತ್ತಿತ್ತು, ಇವತ್ತಲ್ಲ ನಾಳೆ ಬಂದೀತು ಅನ್ನಿಸುತ್ತಿತ್ತು. ಈಗ ಅಲ್ಲಿ ನನ್ನ ದನಿ ಕೇಳುತ್ತದೆ. ಬಸವೇಶ್ವರನಗರದ ಆ ಮನೆಯ ಒಳಗಿನಿಂದ, ‘ಮೊದಲು ಉಪ್ಪಿಟ್ಟು ತಿನ್ನಕ್ಕೆ ಹೇಳಿ’ ಎಂದು ನಾನೇ ಹೇಳುತ್ತೇನೆ. ವಿಡಿಯೊದವನು ಹಾಡು ಹಾಕಿದ, ನಾನು ನನ್ನನ್ನು ಹಾಕಿದೆ. ಪ್ರತಿ ಸಲ ಓದಿದಾಗಲೂ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಸುಮಿತ್ರಳಿಗೆ ಇದನ್ನು ಹೇಳಿಲ್ಲ. ಭಾನುವಾರ ಬಂತೆಂದರೆ ಕೆಲಸ ಮುಗಿಸಿ, ಕಪ್ಪು ಡಬ್ಬಿಯಿಂದ ಪಿನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡು, ಕಂಪ್ಯೂಟರಿನ ಮುಂದೆ ನನಗೂ ಒಂದು ಕುರ್ಚಿ ಎಳೆಯುತ್ತಾಳೆ. ಹಾಡಿನ ಸದ್ದು ಪೂರ್ತಿ ಇಳಿಸುತ್ತಾಳೆ. ಬರೆದು, ಫೋನನ್ನು ನನ್ನ ಕೈಗೆ ಕೊಟ್ಟು, ಆಸೆಯಿಂದ ನನ್ನ ಮುಖ ನೋಡುತ್ತಾಳೆ. ನಾನು ಓದುತ್ತೇನೆ.